ಹಶೀಶಿನ ರಾಳ: ಬೆಟ್ಟ ಆಯ್ದ ಬೀಜ, ಪೇಟೆ ಆಯ್ದ ಬೀಜ

ಮಳೆಗಾಲದಲ್ಲಿ ಹಿಟ್ಟನ್ನು ಜರಡಿ ಹಿಡಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಬೇಸಿಗೆಯಲ್ಲಿ ಸರಸರನೆ ಇಳಿಯುವ ರಾಗಿ ಹಿಟ್ಟು, ಆಷಾಢದ ತೇವದಲ್ಲಿ ಜರಡಿಯ ಬಲೆಗೆ ಮೆತ್ತಿಕೊಂಡು ಕುಳಿತುಬಿಡುತ್ತದೆ. ಆಗ ಜರಡಿಯ ಅಂಚನ್ನು ಅಂಗೈಯಿಂದ ತಟ್ಟಿ ತಟ್ಟಿ ಅದನ್ನು ಇಳಿಸಬೇಕಾಗುತ್ತದೆ. ಹಿಟ್ಟಿನ ಕಣ ಬದಲಾಗಿಲ್ಲ, ಜರಡಿಯ ಕಣ್ಣೂ ಬದಲಾಗಿಲ್ಲ. ಬದಲಾದದ್ದು ಕಣಕ್ಕೂ ಎಳೆಗೂ ನಡುವಣ ಅಂಟು ಮಾತ್ರ.

ಇದರ ಲೆಕ್ಕ ಸರಳವಾದುದು. ಒಂದು ಗುಂಡನೆಯ ಕಣದ ವ್ಯಾಸವು ಹತ್ತರಲ್ಲೊಂದು ಪಾಲಾದರೆ ಅದರ ತೂಕವು ಸಾವಿರದಲ್ಲೊಂದು ಪಾಲಾಗುತ್ತದೆ. ಆದರೆ ಅದನ್ನು ಇನ್ನೊಂದು ವಸ್ತುವಿಗೆ ಅಂಟಿಸುವ ಬಲವು ಸ್ಥೂಲವಾಗಿ ವ್ಯಾಸಕ್ಕೆ ಅನುಗುಣವಾಗಿರುವುದರಿಂದ ಹತ್ತರಲ್ಲೊಂದು ಪಾಲಾಗುತ್ತದೆ, ಅಷ್ಟೆ. ಎಂದರೆ ತೂಕಕ್ಕೆ ಹೋಲಿಸಿದಾಗ ಅಂಟಿನ ಬಲವು ನೂರು ಪಟ್ಟು ಹೆಚ್ಚಿದಂತಾಯಿತು. ಸಾಸಿವೆಯು ಜರಡಿಗೆ ಅಂಟುವುದಿಲ್ಲ, ಹಿಟ್ಟು ಅಂಟುತ್ತದೆ, ಕಾರಣ ಇದೇ. ಹಿಟ್ಟಿಗಿಂತಲೂ ಅಂಟಾದ, ಗೋಂದಿನಂತಹ ಒಂದು ದ್ರವ್ಯವು ಅಷ್ಟೇ ಸಣ್ಣ ಕಣಗಳಲ್ಲಿದ್ದು, ಅದನ್ನು ಜರಡಿ ಹಿಡಿಯಬೇಕೆಂದಾದರೆ ಏನು ಮಾಡಬೇಕು? ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಒಳ್ಳೆಯ ಪ್ರಶ್ನೆ. ಇದನ್ನು ಬಿಡಿಸಿದವರು ಯಾವ ಪಾಠಶಾಲೆಯನ್ನೂ ಕಂಡವರಲ್ಲ. ಮಧ್ಯ ಏಷ್ಯದ ಯಾರ್ಕಂದ್, ಲೆಬನಾನಿನ ಬೆಕಾ ಕಣಿವೆ, ಮೊರಾಕೋ ದೇಶದ ರೀಫ್ ಬೆಟ್ಟಗಳು—ಈ ಸೀಮೆಗಳ ರೈತರು. ಅವರು ಜರಡಿ ಹಿಡಿದದ್ದು ಗಾಂಜಾ ಗಿಡದ ರಾಳವನ್ನು. ಅರಬ್ಬೀ ಭಾಷೆಯಲ್ಲಿ ಅದಕ್ಕೆ ಹಶೀಶ್ ಎಂದೂ ನಮ್ಮ ದೇಶದಲ್ಲಿ ಚರಸ್ ಎಂದೂ ಹೆಸರು. ಹಶೀಶ್ ಎಂಬ ಶಬ್ದಕ್ಕೆ ಮೂಲತಃ ಒಣಗಿದ ಹುಲ್ಲು ಎಂದಷ್ಟೇ ಅರ್ಥ.

ಈ ವಸ್ತುವು ಮಾದಕವೆಂಬುದನ್ನೂ, ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಇದನ್ನು ಮಾಡುವುದೂ ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧವೆಂಬುದನ್ನೂ ವಾಚಕರು ಬಲ್ಲರು. ನಾವು ಇಲ್ಲಿ ಇದನ್ನು ಒಂದು ಸಸ್ಯದ, ಒಂದು ಬೇಸಾಯದ ಇತಿಹಾಸವಾಗಿ ನೋಡುತ್ತೇವೆ. ಏಕೆಂದರೆ ರಾಳವೊಂದನ್ನೇ ಗುರಿಯಾಗಿಟ್ಟುಕೊಂಡು ತಳಿಯನ್ನು ತಿದ್ದತೊಡಗಿದಾಗ ಆ ಗಿಡದಿಂದ ಏನೇನು ಕಳೆದುಹೋಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆ ಬೆಳೆಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ.

ಮೊದಲು ರಾಳವು ಎಲ್ಲಿದೆ ಎಂಬುದನ್ನು ನೋಡೋಣ. ಗಾಂಜಾ ಗಿಡದಲ್ಲಿ ಗಂಡು ಹೂಗಳು ಒಂದು ಗಿಡದಲ್ಲಿಯೂ ಹೆಣ್ಣು ಹೂಗಳು ಇನ್ನೊಂದು ಗಿಡದಲ್ಲಿಯೂ ಬಿಡುತ್ತವೆ. ಹೆಣ್ಣು ಗಿಡದ ಹೂಗೊಂಚಲನ್ನು ಒಂದು ಸಾಧಾರಣ ಭೂತಗನ್ನಡಿಯಿಂದ ನೋಡಿದರೂ ಸಾಕು, ಹೂವಿನ ಸುತ್ತಣ ಚಿಕ್ಕ ಎಲೆಗಳ ಮೇಲೆ ಗುಂಡುಸೂಜಿಗಳನ್ನು ಒತ್ತಾಗಿ ಚುಚ್ಚಿ ನಿಲ್ಲಿಸಿದಂತೆ ಕಾಣುತ್ತದೆ. ಒಂದೊಂದು ಸೂಜಿಗೂ ಸಣ್ಣ ಕಾಂಡ, ಅದರ ತುದಿಯಲ್ಲಿ ಹೊಳೆಯುವ ಒಂದು ಗುಂಡು ತಲೆ. ಈ ತಲೆಯ ವ್ಯಾಸವು ಒಂದು ಮಿಲಿಮೀಟರಿನ ಇಪ್ಪತ್ತನೆಯ ಭಾಗದಿಂದ ಹತ್ತನೆಯ ಭಾಗದವರೆಗೆ ಇರುತ್ತದೆ. ಅದರ ತಳದಲ್ಲಿ ರಾಳವನ್ನು ಸ್ರವಿಸುವ ಜೀವಕೋಶಗಳು ಒಂದು ತಟ್ಟೆಯಂತೆ ಹರಡಿಕೊಂಡಿವೆ. ಅವುಗಳ ಮೇಲೆ ತೆಳುವಾದ ಒಂದು ಪೊರೆ. ಸ್ರವಿಸಿದ ರಾಳವು ಕೋಶಗಳಿಗೂ ಪೊರೆಗೂ ನಡುವೆ ತುಂಬಿಕೊಂಡು ಪೊರೆಯನ್ನು ಗುಳ್ಳೆಯಂತೆ ಉಬ್ಬಿಸುತ್ತದೆ. ಗಿಡವು ಬಲಿತಾಗ ತಲೆಗೂ ಕಾಂಡಕ್ಕೂ ನಡುವಣ ಕತ್ತು ದುರ್ಬಲವಾಗುತ್ತದೆ. ಬಲಿತ ಹಣ್ಣು ತೊಟ್ಟು ಕಳಚುವಂತೆ ತಲೆಯು ಕಳಚಿಬೀಳಬಲ್ಲದು.

ಗಿಡಕ್ಕೆ ಈ ರಾಳದಿಂದ ಏನು ಪ್ರಯೋಜನ? ಎಳೆಯ ಬೀಜವನ್ನು ಕೀಟಗಳಿಂದ ಕಾಯುವುದು ಒಂದು ಪ್ರಯೋಜನವಿರಬೇಕು. ಕೀಟಗಳ ಜೀವಕೋಶಗಳಿಗೆ ಈ ದ್ರವ್ಯಗಳು ವಿಷವೆಂದು ಪ್ರಯೋಗಗಳಿಂದ ತಿಳಿದಿದೆ. ಬಿಸಿಲಿನ ನೇರಿಳೆಯಾಚೆಯ ಕಿರಣಗಳನ್ನು ತಡೆಯುವುದಕ್ಕೂ ನೀರು ಆರಿಹೋಗದಂತೆ ಕಾಯುವುದಕ್ಕೂ ಇವು ನೆರವಾಗುತ್ತವೆ ಎಂಬ ಅಭಿಪ್ರಾಯಗಳೂ ಉಂಟು. ಈ ಗಿಡದ ಹತ್ತಿರದ ಬಂಧುವಾದ ಹಾಪ್ ಬಳ್ಳಿಯಲ್ಲಿಯೂ ಇಂತಹವೇ ಗ್ರಂಥಿಗಳಿವೆ. ಯೂರೋಪಿನವರ ಬಿಯರ್ ಪಾನೀಯಕ್ಕೆ ಕಹಿರುಚಿಯನ್ನು ಕೊಡುವುದು ಆ ಗ್ರಂಥಿಗಳ ಹಳದಿ ಪುಡಿಯೇ.

ಈ ಗುಂಡುತಲೆಗಳನ್ನು ಗಿಡದಿಂದ ಬೇರ್ಪಡಿಸುವುದೇ ಹಶೀಶಿನ ತಯಾರಿಕೆ. ಪರಂಪರೆಯಲ್ಲಿ ಇದಕ್ಕೆ ಎರಡು ದಾರಿಗಳಿವೆ. ಯಾವ ಸೀಮೆಯಲ್ಲಿ ಯಾವ ದಾರಿ ಬೆಳೆಯಿತೆಂಬುದನ್ನು ಬಹುಮಟ್ಟಿಗೆ ಹವೆಯೇ ನಿರ್ಣಯಿಸಿತೆಂದು ನಮಗೆ ತೋರುತ್ತದೆ.

ಹಲಸಿನ ಹಣ್ಣನ್ನು ಬಿಡಿಸಿದವರಿಗೆ ಮೊದಲನೆಯ ದಾರಿಯನ್ನು ವಿವರಿಸಬೇಕಾಗಿಲ್ಲ. ಮೇಣವು ಒಮ್ಮೆ ಬೆರಳಿಗೆ ತಗುಲಿತೆಂದರೆ ಬೆರಳನ್ನೇ ಹಿಡಿದುಕೊಳ್ಳುತ್ತದೆ. ಹಿಮಾಲಯದ ತಪ್ಪಲಿನಲ್ಲಿ, ಹಿಮಾಚಲ ಪ್ರದೇಶ, ಉತ್ತರಾಖಂಡ, ನೇಪಾಳಗಳಲ್ಲಿ, ಮಳೆಗಾಲ ಮುಗಿದ ಮೇಲೆ ಹೂವಾಗಿ ನಿಂತ ಹಸಿ ಗಿಡವನ್ನೇ ಎರಡು ಅಂಗೈಗಳ ನಡುವೆ ಉಜ್ಜುತ್ತಿದ್ದರು. ಅಂಗೈಯ ಶಾಖಕ್ಕೆ ರಾಳವು ಮೆದುವಾಗಿ ಚರ್ಮಕ್ಕೆ ಹತ್ತುತ್ತದೆ, ಪದರವು ದಪ್ಪವಾದಾಗ ಅದನ್ನು ಸುರುಳಿಸಿ ತೆಗೆಯುತ್ತಾರೆ. ಇಲ್ಲಿ ಅಂಟು ಶತ್ರುವಲ್ಲ, ಅದೇ ಉಪಕರಣ. ಆದರೆ ಕೆಲಸ ಬಹಳ, ಫಲ ಸ್ವಲ್ಪ. ದಿನವಿಡೀ ಉಜ್ಜಿದರೂ ಕೆಲವೇ ಗ್ರಾಂ.

ಎರಡನೆಯ ದಾರಿಯು ಒಣ ಸೀಮೆಗಳದು. ನಮ್ಮ ಆಯುರ್ವೇದದ ಪಂಡಿತರು ಚೂರ್ಣವನ್ನು ಬಟ್ಟೆಯಲ್ಲಿ ಸೋಸುವುದಕ್ಕೆ ವಸ್ತ್ರಗಾಳಿತ ಎನ್ನುತ್ತಾರೆ. ರೀಫಿನ ರೈತನು ಮಾಡುವುದೂ ವಸ್ತ್ರಗಾಳಿತವೇ. ಅಗಲವಾದ ಪಾತ್ರೆಯ ಬಾಯಿಗೆ ತೆಳುವಾದ ಬಟ್ಟೆಯನ್ನು ಬಿಗಿದು, ಅದರ ಮೇಲೆ ಒಣಗಿದ ಗಿಡವನ್ನು ಹರವಿ, ಮುಚ್ಚಿ, ಮದ್ದಳೆಯನ್ನು ಬಾರಿಸುವಂತೆ ಕೋಲುಗಳಿಂದ ಬಡಿಯುತ್ತಾನೆ. ಇಲ್ಲಿ ಅಂಟು ಪರಮ ಶತ್ರು. ಆದುದರಿಂದ ಈ ಕೆಲಸವನ್ನು ಚಳಿಗಾಲದ ಒಣ ದಿನಗಳಿಗೆ ಕಾದಿರಿಸುತ್ತಾರೆ. ರಾಳಗಳಿಗೆ ಸ್ಫಟಿಕಗಳಂತೆ ನಿಶ್ಚಿತವಾದ ಕರಗುವ ಬಿಂದುವಿಲ್ಲ. ಅರಗಿನ ಕಡ್ಡಿಯನ್ನು ನೆನೆಯಿರಿ: ಬಿಸಿಯಲ್ಲಿ ಎಳೆದರೆ ಬರುತ್ತದೆ, ತಣ್ಣಗಾದಾಗ ಬಗ್ಗಿಸಿದರೆ ಠಳ್ಳೆಂದು ಮುರಿಯುತ್ತದೆ. ಉಷ್ಣತೆ ಇಳಿದಂತೆ ಅದರ ಸ್ನಿಗ್ಧತೆಯು ಬೇಗಬೇಗನೆ ಏರಿ, ಹರಿಯುವ ವಸ್ತುವು ಗಾಜಿನಂತಾಗುತ್ತದೆ. ಗಾಜಿನಂತಾದ ರಾಳವು ಬಟ್ಟೆಯ ಎಳೆಗೆ ಮೈಚಾಚಿ ಅಂಟಲಾರದು. ಕತ್ತೂ ಪೆಡಸಾಗಿರುವುದರಿಂದ ಏಟಿನ ಅದುರಿಗೆ ತಲೆಯು ಥಟ್ಟನೆ ಕಳಚುತ್ತದೆ. ಕೋಲಿನ ಏಟು ಮಾಡುವ ಕೆಲಸವೂ ಇದೇ. ಭೂಮಿಯ ಆಕರ್ಷಣೆಯೊಂದೇ ಆಗಿದ್ದರೆ ಅಂಟನ್ನು ಗೆಲ್ಲಲು ಸಾಲದು. ಏಟು ಆ ಕ್ಷಣಕ್ಕೆ ಅದರ ಹಲವು ಪಟ್ಟು ವೇಗೋತ್ಕರ್ಷವನ್ನು ಕೊಟ್ಟು ಕಣವನ್ನು ಕೊಡಹುತ್ತದೆ. ಬಟ್ಟೆಯ ಕೆಳಗೆ ಹೊಂಬಣ್ಣದ ಪುಡಿ ಸೇರುತ್ತದೆ. ಮೇಲೆ ಎಲೆ, ದಂಟು, ಬೀಜ ಉಳಿಯುತ್ತವೆ. ಬೀಜ ಬಟ್ಟೆಯ ಮೇಲೆ ಉಳಿಯುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಪುಡಿಯನ್ನು ಒತ್ತಿ ಬಿಲ್ಲೆ ಮಾಡುವುದೂ ಅರ್ಥವಿಲ್ಲದ ಪದ್ಧತಿಯಲ್ಲ. ಪುಡಿಗೆ ಮೇಲ್ಮೈ ಬಹಳ. ಗಾಳಿಯ ಆಮ್ಲಜನಕವು ಅದನ್ನು ಬೇಗ ಕೆಡಿಸುತ್ತದೆ. ಬಿಲ್ಲೆ ಮಾಡಿದರೆ ಹೊರಮೈ ಮಾತ್ರ ಕಪ್ಪಾಗಿ ಒಳಗಿನದು ಬಹುಕಾಲ ಉಳಿಯುತ್ತದೆ. ಯಾರ್ಕಂದಿನ ಚರಸ್ಸು ಕುದುರೆಗಳ ಮೇಲೆ ಕಾರಕೋರಂ ಕಣಿವೆಯನ್ನು ದಾಟಿ ಲೇಹ್ ಪಟ್ಟಣಕ್ಕೆ ಬಂದು, ಅಲ್ಲಿಂದ ಪಂಜಾಬಿನ ಪೇಟೆಗಳನ್ನು ಸೇರುತ್ತಿದ್ದ ಕಾಲವೊಂದಿತ್ತು. ಬ್ರಿಟಿಷ್ ಸರಕಾರವು ಅದರ ಮೇಲೆ ಸುಂಕವನ್ನೂ ಎತ್ತುತ್ತಿತ್ತು. 1930ರ ದಶಕದಲ್ಲಿ ಆ ವ್ಯಾಪಾರ ನಿಂತಿತು.

ಇನ್ನು ತಳಿಯ ವಿಷಯ. ಹೆಣ್ಣು ಹೂವಿಗೆ ಪರಾಗವು ತಗುಲಿ ಬೀಜ ಕಟ್ಟಿತೆಂದರೆ ಗಿಡವು ತನ್ನ ಸತ್ತ್ವವನ್ನು ಬೀಜಕ್ಕೆ ತಿರುಗಿಸುತ್ತದೆ. ಹೊಸ ಹೂಗಳೂ ರಾಳವೂ ಕಡಿಮೆಯಾಗುತ್ತವೆ. ಪರಾಗ ತಗುಲದಿದ್ದರೆ ಗಿಡವು ಕಾಯುತ್ತಾ ಹೂವಿನ ಮೇಲೆ ಹೂವನ್ನು ಬಿಡುತ್ತದೆ, ರಾಳ ಏರುತ್ತದೆ. ಈ ರಹಸ್ಯವನ್ನು ಬಂಗಾಳದವರು ಚೆನ್ನಾಗಿ ಅರಿತಿದ್ದರು. ಈಗ ಬಾಂಗ್ಲಾದೇಶದಲ್ಲಿರುವ ನವಗಾಂವ್ ಸೀಮೆಯಲ್ಲಿ ಸರಕಾರದ ಪರವಾನಗಿಯಿಂದ ಗಾಂಜಾ ಬೆಳೆಯುತ್ತಿದ್ದ ಕಾಲದಲ್ಲಿ ಪೊದ್ದಾರ್ ಎಂಬ ನಿಪುಣರಿದ್ದರು. ಹೊಲದ ಸಾಲುಸಾಲಿನಲ್ಲಿ ನಡೆದು, ಹೂವು ಇನ್ನೂ ಬಿರಿಯದ ಮೊದಲೇ ಗಂಡು ಗಿಡವಾವುದು ಎಂದು ಗುರುತಿಸಿ ಅದನ್ನು ಕಿತ್ತೊಗೆಯುವುದು ಅವರ ವೃತ್ತಿ. ಇಂಗ್ಲಿಷರು ಅವರನ್ನು ಗಾಂಜಾ ಡಾಕ್ಟರ್ ಎಂದು ಕರೆಯುತ್ತಿದ್ದರು. 1893ರಲ್ಲಿ ಬ್ರಿಟಿಷ್ ಸರಕಾರವು ನೇಮಿಸಿದ ಏಳು ಮಂದಿಯ ಆಯೋಗವು ದೇಶದಾದ್ಯಂತ 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ವರದಿಯನ್ನು ಒಪ್ಪಿಸಿತು. ಪೊದ್ದಾರರ ಕೆಲಸವು ಅದರಲ್ಲಿ ವಿವರವಾಗಿ ದಾಖಲಾಗಿದೆ.

ಆದರೆ ಈ ವಿದ್ಯೆಯಲ್ಲಿ ಒಂದು ತೊಡಕಿದೆ. ಗಂಡು ಗಿಡಗಳನ್ನೆಲ್ಲ ಕಿತ್ತರೆ ಮುಂದಿನ ವರ್ಷಕ್ಕೆ ಬೀಜವಿಲ್ಲ. ಬೀಜಕ್ಕಾಗಿ ಕೆಲವು ಗಿಡಗಳನ್ನು ಬಿಟ್ಟುಕೊಳ್ಳಲೇಬೇಕು, ಬಿಟ್ಟರೆ ಪರಾಗವು ಎಲ್ಲಿಗೆ ಹೋಗುವುದೆಂಬುದು ಗಾಳಿಯ ಇಚ್ಛೆ. ಆ ಗಾಳಿಯ ಮಾತನ್ನು ಮುಂದೆ ಲೆಕ್ಕ ಹಾಕೋಣ.

ರಾಳದಲ್ಲಿ ಮಾದಕವಾದದ್ದು ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ. 1896ರಲ್ಲಿ ಕೇಂಬ್ರಿಜ್ಜಿನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ರಸಾಯನ ಶಾಸ್ತ್ರಜ್ಞರು ಚರಸ್ಸನ್ನು ಶೋಧಿಸಿ ಒಂದು ಕೆಂಪು ತೈಲವನ್ನು ತೆಗೆದರು. ಅದರಿಂದ ದೊರೆತ ಕ್ಯಾನಬಿನಾಲ್ ನಿಜವಾದ ಮಾದಕವಸ್ತುವು ಹಳತಾಗಿ ಆಮ್ಲಜನಕದಿಂದ ಕೆಟ್ಟಾಗ ಹುಟ್ಟುವಂತಹದು. ಕಳ್ಳನನ್ನು ಹುಡುಕಹೋಗಿ ಅವನ ನೆರಳನ್ನು ಹಿಡಿದಂತಾಯಿತು. ನಿಜವಾದ ವಸ್ತು ಸಿಕ್ಕಿದ್ದು 1964ರಲ್ಲಿ, ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ. ರಾಫೆಲ್ ಮೆಶೂಲಾಮ್ ಎಂಬ ತರುಣ ವಿಜ್ಞಾನಿಯು, ಪೋಲೀಸರು ವಶಪಡಿಸಿಕೊಂಡಿದ್ದ ಐದು ಕಿಲೋಗ್ರಾಂ ಲೆಬನಾನಿನ ಹಶೀಶನ್ನು ಅವರಿಂದಲೇ ಕೇಳಿ ಪಡೆದು, ಸಾಮಾನ್ಯ ಬಸ್ಸಿನಲ್ಲಿ ಪ್ರಯೋಗಶಾಲೆಗೆ ಹೊತ್ತು ತಂದರು. ಸಹ ಪ್ರಯಾಣಿಕರು ಇದೇನು ವಾಸನೆಯೆಂದು ಮೂಗೆತ್ತಿದರಂತೆ! ಆ ರಾಳದಿಂದ ಅವರೂ ಯೆಹಿಯೆಲ್ ಗಾವೊನಿಯವರೂ ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಧರಿಸಿದರು. ಸಂಕ್ಷೇಪವಾಗಿ ಟಿ.ಎಚ್.ಸಿ. ಎನ್ನೋಣ. ಇದರೊಡನೆಯೇ ರಾಳದಲ್ಲಿರುವ ಇನ್ನೊಂದು ವಸ್ತು ಕ್ಯಾನಬಿಡಿಯಾಲ್, ಎಂದರೆ ಸಿ.ಬಿ.ಡಿ. ಇದು ಮಾದಕವಲ್ಲ.

ಎರಡಕ್ಕೂ ತಾಯಿ ಒಂದೇ. ಗ್ರಂಥಿಯ ಕೋಶಗಳು ಮೊದಲು ಒಂದೇ ಮೂಲವಸ್ತುವನ್ನು ತಯಾರಿಸುತ್ತವೆ. ಒಂದು ಕಿಣ್ವವು ಅದನ್ನು ಟಿ.ಎಚ್.ಸಿ.ಯ ಆಮ್ಲವಾಗಿಯೂ ಇನ್ನೊಂದು ಕಿಣ್ವವು ಸಿ.ಬಿ.ಡಿ.ಯ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಹಸಿ ಗಿಡದಲ್ಲಿರುವುದು ಈ ಆಮ್ಲಗಳೇ. ಶಾಖ ತಗುಲಿದಾಗ ಅವು ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಟ್ಟು ಟಿ.ಎಚ್.ಸಿ., ಸಿ.ಬಿ.ಡಿ.ಗಳಾಗುತ್ತವೆ. ಯಾವ ಗಿಡದಲ್ಲಿ ಯಾವ ಕಿಣ್ವವೆಂಬುದು ಆನುವಂಶಿಕವಾಗಿ ಬರುತ್ತದೆ. 2003ರಲ್ಲಿ ಡಿ ಮೈಯರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು ಮೆಂಡಲನ ಬಟಾಣಿಯನ್ನು ನೆನಪಿಗೆ ತರುವಂತಹವು. ಟಿ.ಎಚ್.ಸಿ. ಮಾತ್ರವಿರುವ ಶುದ್ಧ ಗಿಡವನ್ನು ಸಿ.ಬಿ.ಡಿ. ಮಾತ್ರವಿರುವ ಶುದ್ಧ ಗಿಡದೊಡನೆ ಕೂಡಿಸಿದರೆ ಮೊದಲ ಪೀಳಿಗೆಯ ಗಿಡಗಳೆಲ್ಲ ಎರಡನ್ನೂ ಹೊಂದಿರುತ್ತವೆ. ಇವುಗಳ ಮಕ್ಕಳಲ್ಲಿ ಒಂದು ಪಾಲು ಟಿ.ಎಚ್.ಸಿ.ಯವು, ಎರಡು ಪಾಲು ಮಿಶ್ರ, ಒಂದು ಪಾಲು ಸಿ.ಬಿ.ಡಿ.ಯವು. ಒಂದು ಇನ್ನೊಂದನ್ನು ಅಡಗಿಸುವುದಿಲ್ಲ. ಇಲ್ಲಿ ಗಮನಿಸಬೇಕಾದುದೆಂದರೆ, ಈ ಅಂಶವು ನಿರ್ಣಯಿಸುವುದು ಎರಡರ ನಡುವಣ ಪ್ರಮಾಣವನ್ನು ಮಾತ್ರ. ಒಟ್ಟು ರಾಳವೆಷ್ಟು ಎಂಬುದು ಹೂವಿನ ಗಾತ್ರ, ಗ್ರಂಥಿಗಳ ಸಂಖ್ಯೆ ಮೊದಲಾದ ಅನೇಕ ಗುಣಗಳ ಮೇಲೆ ನಿಂತಿದೆ. ಅವಕ್ಕೆ ಅನೇಕ ಜೀನುಗಳು ಹೊಣೆ.

ಇಷ್ಟನ್ನು ತಿಳಿದ ಮೇಲೆ ರೀಫ್ ಬೆಟ್ಟಗಳಿಗೆ ಹೋಗಬಹುದು. ಮೊರಾಕೋವಿನ ಉತ್ತರಕ್ಕೆ, ಮಧ್ಯಧರಾ ಸಮುದ್ರದ ದಂಡೆಗೆ ಸಮಾನಾಂತರವಾಗಿ ಹಬ್ಬಿರುವ ಬೆಟ್ಟಸಾಲು ಇದು. ಇಳಿಜಾರಿನ ಬಡ ಮಣ್ಣು. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣಬಿಸಿಲು. ಇಲ್ಲಿಯ ಜನರು ತಲೆಮಾರುಗಳಿಂದ ಗಾಂಜಾ ಬೆಳೆಯುತ್ತಿದ್ದರು. ಆದರೆ ಹಶೀಶಿಗಾಗಿ ಅಲ್ಲ. ಒಣಗಿದ ಹೂವನ್ನು ಸಣ್ಣಗೆ ಕತ್ತರಿಸಿ ಹೊಗೆಸೊಪ್ಪಿನೊಡನೆ ಬೆರಸಿ ಉದ್ದ ಕೊಳವೆಯಲ್ಲಿ ಸೇದುವುದು ಅಲ್ಲಿಯ ರೂಢಿ. ಅದಕ್ಕೆ ಕಿಫ್ ಎಂದು ಹೆಸರು. ಜರಡಿಯ ವಿದ್ಯೆಯು ಅಲ್ಲಿಗೆ ಹೊರಗಿನಿಂದ ಬಂದದ್ದು 1960ರ ದಶಕದಲ್ಲಿ, ಯೂರೋಪಿನ ಬೇಡಿಕೆಯ ಬೆನ್ನುಹತ್ತಿ. ಹಶೀಶೆಂದರೆ ಮೊರಾಕೋವಿನ ಪುರಾತನ ಕಸುಬೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಗಿಡವು ಹಳೆಯದು, ಜರಡಿ ಹೊಸದು.

ಆ ಹಳೆಯ ಗಿಡವನ್ನು ಅಲ್ಲಿಯವರು ಬೆಲ್ದಿಯಾ ಎನ್ನುತ್ತಾರೆ, ಎಂದರೆ ನಾಡಿನದು, ನಾಟಿ. ನಾವು ನಾಟಿ ಬದನೆ, ನಾಟಿ ಕೋಳಿ ಎನ್ನುವುದಿಲ್ಲವೆ, ಹಾಗೆಯೇ. ಇದನ್ನು ಚಳಿಗಾಲದ ಕೊನೆಯಲ್ಲಿ, ನೆಲದಲ್ಲಿ ಇನ್ನೂ ಮಳೆಯ ತೇವವಿರುವಾಗ ಒತ್ತಾಗಿ ಬಿತ್ತುತ್ತಾರೆ. ಗಿಡವು ಗಿಡ್ಡ, ಕೊಂಬೆಗಳು ಕಡಿಮೆ, ಬೇಗ ಹೂವಾಗಿ ಬೇಸಿಗೆಯ ನಡುವೆಯೇ ಕಟಾವಿಗೆ ಬರುತ್ತದೆ. ನೀರು ಹಾಯಿಸದೆಯೇ ಬದುಕಬಲ್ಲದು. ಈ ಗುಣಗಳನ್ನು ಯಾರೂ ಆರಿಸಿದವರಿಲ್ಲ. ಕಟಾವಿನಲ್ಲಿ ಒಳ್ಳೆಯ ಗಿಡದ ಬೀಜವನ್ನು ಬೇರೆ ತೆಗೆದಿಡುವ ಕಟ್ಟುಪಾಡೇನೂ ಬೇಕಾಗಿರಲಿಲ್ಲ. ಬಡಿದಾಗ ಉದುರಿದ ಬೀಜ ಸಾವಿರಾರು ಗಿಡಗಳ ಬೆರಕೆ, ಅದನ್ನೇ ಮರುವರ್ಷ ಬಿತ್ತಿದರಾಯಿತು. ಹಾಗಿದ್ದರೂ ತಡವಾಗಿ ಹೂವಾದ ಗಿಡವು ಬರದಲ್ಲಿ ಸುಟ್ಟುಹೋಗಿ ಬೀಜ ಕೊಡಲಿಲ್ಲ. ಬೇಗ ಹೂವಾದದ್ದು ಕೊಟ್ಟಿತು. ಡಾರ್ವಿನ್ನನು 1859ರ ತನ್ನ ಗ್ರಂಥದಲ್ಲಿ ಅರಿವಿಲ್ಲದ ಆಯ್ಕೆ ಎಂಬುದೊಂದನ್ನು ಹೇಳಿದ್ದಾನೆ. ಅಲ್ಲಿ ಮನುಷ್ಯನು ಅರಿಯದೆ ಆರಿಸುತ್ತಾನೆ. ರೀಫಿನಲ್ಲಿ ಮನುಷ್ಯನಿಗಿಂತ ಹೆಚ್ಚಾಗಿ ಬೆಟ್ಟವೇ ಆರಿಸಿತು ಎನ್ನಬೇಕು.

ಈ ಬೆರಕೆಗೆ ಇನ್ನೊಂದು ಪರಿಣಾಮವೂ ಇತ್ತು. ಒಂದೇ ಹೊಲದಲ್ಲಿ ಟಿ.ಎಚ್.ಸಿ.ಯ ಗಿಡಗಳೂ ಮಿಶ್ರ ಗಿಡಗಳೂ ಕೂಡಿ ಬೆಳೆಯುತ್ತಿದ್ದವು. ಬಟ್ಟೆಯ ಕೆಳಗೆ ಬಿದ್ದ ಪುಡಿಯು ಅವೆಲ್ಲದರ ಸರಾಸರಿ. ಹಳೆಯ ಮೊರಾಕೋ ಹಶೀಶಿನಲ್ಲಿ ಟಿ.ಎಚ್.ಸಿ.ಯ ಜೊತೆಗೆ ಸಿ.ಬಿ.ಡಿ.ಯೂ ಗಣನೀಯವಾಗಿ ಇರುತ್ತಿದ್ದುದು ಇದರಿಂದ.

2003ರಲ್ಲಿ ವಿಶ್ವಸಂಸ್ಥೆಯೂ ಮೊರಾಕೋ ಸರಕಾರವೂ ಕೂಡಿ ನಡೆಸಿದ ಸಮೀಕ್ಷೆಯಲ್ಲಿ ಈ ಬೆಳೆಯು 1,34,000 ಹೆಕ್ಟೇರುಗಳಲ್ಲಿ ಹಬ್ಬಿದ್ದುದು ಕಂಡುಬಂತು. ಸರಕಾರವು ಬಿಗಿಹಿಡಿತ ನಡೆಸಿದ ಮೇಲೆ ಸುಮಾರು ಹತ್ತು ವರ್ಷಗಳಲ್ಲಿ ಅದು 50,000 ಹೆಕ್ಟೇರಿಗಿಂತ ಕೆಳಗಿಳಿಯಿತು. ಆದರೆ ಯೂರೋಪಿಗೆ ಹೋಗುವ ಹಶೀಶು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಇದು ಹೇಗೆ? ರೀಫಿನಲ್ಲಿ ತಿರುಗಾಡಿ ಅಧ್ಯಯನ ಮಾಡಿದ ಪಿಯೆರ್ ಅರ್ನೊ ಶೂವಿ, ಕೆಂಜಾ ಅಫ್ಸಾಹಿ ಎಂಬ ವಿದ್ವಾಂಸರು 2014ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ಹೊಲಗಳಲ್ಲಿ ನಿಂತಿರುವ ಗಿಡವೇ ಬದಲಾಗಿತ್ತು. ಖರ್ದಾಲಾ ಮೊದಲಾದ ಹೆಸರಿನ ಹೊಸ ಮಿಶ್ರತಳಿಗಳು ಬಂದು ನಾಟಿ ಗಿಡವನ್ನು ತಳ್ಳುತ್ತಿದ್ದವು. ಯೂರೋಪ್, ಅಮೆರಿಕಗಳಲ್ಲಿ ಹವ್ಯಾಸಿಗಳೂ ವ್ಯಾಪಾರಿಗಳೂ ಹಲವು ದಶಕಗಳ ಕಾಲ ಬೇರೆಬೇರೆ ದೇಶಗಳ ಗಿಡಗಳನ್ನು ಕೂಡಿಸಿ, ರಾಳವೊಂದನ್ನೇ ಕಣ್ಣಿಟ್ಟು ಆರಿಸಿದ ತಳಿಗಳಿವು. ಒಂದು ಕಿಲೋಗ್ರಾಂ ಗಿಡದಿಂದ ಇವು ಕೊಡುವ ರಾಳ ಹೆಚ್ಚು, ರಾಳದಲ್ಲಿ ಟಿ.ಎಚ್.ಸಿ.ಯೂ ಹೆಚ್ಚು. ಯೂರೋಪಿನಲ್ಲಿ ಹಿಡಿದ ಹಶೀಶಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಟಿ.ಎಚ್.ಸಿ.ಯು 2006ರಲ್ಲಿ ಸುಮಾರು ಶೇಕಡ 8 ಇದ್ದದ್ದು 2016ರಲ್ಲಿ ಸುಮಾರು ಶೇಕಡ 17 ಆಗಿತ್ತು; ಸಿ.ಬಿ.ಡಿ. ಮಾತ್ರ ಹಾಗೆ ಏರಲಿಲ್ಲ. ಸಿ.ಬಿ.ಡಿ.ಯು ಟಿ.ಎಚ್.ಸಿ.ಯ ಕೆಡುಕನ್ನು ತಗ್ಗಿಸುತ್ತದೆಯೆ ಎಂಬುದು ಇನ್ನೂ ವಿವಾದದಲ್ಲಿರುವ ಸಂಗತಿ. ಆದರೆ ಟಿ.ಎಚ್.ಸಿ. ಹೆಚ್ಚಿದಷ್ಟೂ ಮನೋವಿಕಾರದ ಅಪಾಯ ಹೆಚ್ಚುವುದೆಂಬುದಕ್ಕೂ, ಬೆಳೆಯುತ್ತಿರುವ ಹರೆಯದ ಮಿದುಳಿಗೆ ಆ ಅಪಾಯ ಇನ್ನೂ ಹೆಚ್ಚೆಂಬುದಕ್ಕೂ ಪುರಾವೆಗಳು ಬಲವಾಗಿವೆ.

ರೈತನ ಮಾತಿಗೆ ಬರೋಣ. ಹೊಸ ತಳಿಯು ಬೇಸಿಗೆ ಕಳೆಯುವ ತನಕ ಹೊಲದಲ್ಲಿ ನಿಲ್ಲುತ್ತದೆ. ಅಷ್ಟು ದಿನವೂ ಅದಕ್ಕೆ ನೀರು ಬೇಕು, ಗೊಬ್ಬರ ಬೇಕು. ರೀಫಿನಲ್ಲಿ ಬೇಸಿಗೆಯಲ್ಲಿ ಮಳೆಯಿಲ್ಲ. ಆದುದರಿಂದ ಕೊಳವೆಬಾವಿ, ಪಂಪು, ಪ್ಲಾಸ್ಟಿಕ್ಕಿನ ಹಾಸು ಹೊದಿಸಿದ ಕೊಳಗಳು ಬೆಟ್ಟದ ಮೈಮೇಲೆಲ್ಲ ಎದ್ದವು. ಮೇಲಿನ ಹೊಲದವನು ಹೊಳೆಯನ್ನು ತಿರುಗಿಸಿಕೊಂಡರೆ ಕೆಳಗಿನ ಹಳ್ಳಿಗೆ ನೀರಿಲ್ಲ. ಬಾವಿ ತೋಡಲು ಹಣವುಳ್ಳವನು ಖರ್ದಾಲಾ ಬೆಳೆದ. ಇಲ್ಲದವನ ನಾಟಿ ರಾಳಕ್ಕೆ ಬೆಲೆ ಬಿದ್ದುಹೋಯಿತು. ಒಂದು ಗುಣವನ್ನು ಬೆನ್ನಟ್ಟಿದ ತಳಿಗಾರನು ಬೇಗ ಮಾಗುವ ಗುಣವನ್ನೂ ಬರವನ್ನು ತಾಳುವ ಗುಣವನ್ನೂ ಬೇಕೆಂದು ಬಿಟ್ಟವನಲ್ಲ. ಅವನ ಗಾಜಿನ ಮನೆಯಲ್ಲಿ ದೀಪವೂ ನೀರೂ ಧಾರಾಳವಾಗಿದ್ದವು. ಆ ಗುಣಗಳು ಇವೆಯೆ ಇಲ್ಲವೆ ಎಂದು ಕೇಳುವ ಬೆಟ್ಟ ಅಲ್ಲಿರಲಿಲ್ಲ, ಅಷ್ಟೆ.

ನಾಟಿ ಬೀಜವನ್ನು ಒಂದು ಮೂಲೆಯ ಹೊಲದಲ್ಲಿ ಉಳಿಸಿಕೊಳ್ಳಬಹುದಲ್ಲ ಎಂದು ವಾಚಕರು ಕೇಳಬಹುದು. ಇಲ್ಲಿ ಗಾಳಿಯ ಲೆಕ್ಕ ಬರುತ್ತದೆ. ಗಾಂಜಾದ ಪರಾಗವು ಗಾಳಿಯಿಂದ ಹರಡತಕ್ಕದ್ದು. ಕಣದ ವ್ಯಾಸ ಸುಮಾರು ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗ. ಸಾಂದ್ರತೆಯು ನೀರಿನಷ್ಟೆಂದು ಇಟ್ಟುಕೊಂಡು ಸ್ಟೋಕ್ಸ್ ನಿಯಮವನ್ನು ಅನ್ವಯಿಸಿದರೆ, ನಿಶ್ಚಲವಾದ ಗಾಳಿಯಲ್ಲಿ ಅದು ಬೀಳುವ ವೇಗ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರು. ಬೆಟ್ಟದ ಮೇಲಿನ ಗಾಳಿಗೆ ಸಿಕ್ಕಿ 500 ಮೀಟರು ಎತ್ತರದಿಂದ ಇಳಿಯತೊಡಗಿದರೆ ನೆಲ ಮುಟ್ಟಲು 25,000 ಸೆಕೆಂಡು, ಎಂದರೆ ಹತ್ತಿರಹತ್ತಿರ ಏಳು ಗಂಟೆ. ಗಂಟೆಗೆ 18 ಕಿಲೋಮೀಟರಿನ ಮಂದಮಾರುತವಿದ್ದರೂ ಅಷ್ಟರಲ್ಲಿ ಅದು 125 ಕಿಲೋಮೀಟರು ಸಾಗಿರುತ್ತದೆ. ಇದು ಬರಿಯ ಕಾಗದದ ಲೆಕ್ಕವಲ್ಲ. ಸ್ಪೇನಿನ ದಕ್ಷಿಣ ತೀರದಲ್ಲಿ, ಮಾಲಗಾ ಪ್ರಾಂತದಲ್ಲಿ, ಗಾಳಿಯ ಪರಾಗವನ್ನು ಎಣಿಸುತ್ತಿದ್ದ ಸಸ್ಯವಿಜ್ಞಾನಿಗಳಿಗೆ ಬೇಸಿಗೆಯಲ್ಲಿ ಗಾಂಜಾದ ಪರಾಗ ಸಿಕ್ಕಿತು. ಗಾಳಿಯ ಜಾಡನ್ನು ಹಿಡಿದು ಹಿಂದಕ್ಕೆ ಹೋದಾಗ ಅದು ಸಮುದ್ರವನ್ನು ದಾಟಿ ಉತ್ತರ ಆಫ್ರಿಕದಿಂದ ಬಂದದ್ದೆಂದು ತಿಳಿಯಿತು. 1997ರಲ್ಲಿ ಅವರು ಅದನ್ನು ಪ್ರಕಟಿಸಿದರು. ಸಮುದ್ರವನ್ನೇ ದಾಟುವ ಪರಾಗಕ್ಕೆ ಪಕ್ಕದ ಹೊಲದ ಬೇಲಿಯೊಂದು ಲೆಕ್ಕವೆ? ಹೊಸ ತಳಿಯ ಕೆಲವು ಗಂಡು ಗಿಡಗಳು ಎಲ್ಲಿಯಾದರೂ ಉಳಿದರೆ, ಕಣಿವೆಯ ನಾಟಿ ಬೀಜದಲ್ಲೆಲ್ಲ ಅವುಗಳ ಅಂಶ ಸೇರಬಲ್ಲದು. ಬತ್ತವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ ರತ್ನಚೂಡಿಯ ಗದ್ದೆಯ ಪಕ್ಕದಲ್ಲಿ ಬೇರೊಂದು ಬತ್ತವನ್ನು ಬೆಳೆದರೂ ತಳಿ ಉಳಿಯುತ್ತದೆ. ಗಂಡು ಹೆಣ್ಣು ಬೇರೆಬೇರೆಯಾದ, ಗಾಳಿಯನ್ನು ನಂಬಿದ ಈ ಗಿಡಕ್ಕೆ ಆ ಸೌಕರ್ಯವಿಲ್ಲ.

2021ರಲ್ಲಿ ಮೊರಾಕೋ ದೇಶವು ಔಷಧ ಮತ್ತು ಕೈಗಾರಿಕೆಗಳ ಸಲುವಾಗಿ, ಉತ್ತರದ ಕೆಲವು ಪ್ರಾಂತಗಳಲ್ಲಿ, ಪರವಾನಗಿಯುಳ್ಳ ಗಾಂಜಾ ಬೇಸಾಯಕ್ಕೆ ಅವಕಾಶ ಕೊಡುವ ಕಾಯಿದೆಯನ್ನು ಮಾಡಿತು. 2024ರ ಆಗಸ್ಟಿನಲ್ಲಿ ಅಲ್ಲಿಯ ಅರಸರು, ಈ ಬೆಳೆಯ ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡಿದ್ದ 4,800ಕ್ಕೂ ಹೆಚ್ಚು ರೈತರಿಗೆ ಕ್ಷಮಾದಾನವಿತ್ತರು. ನೀರನ್ನು ಬೇಡದ ಗಿಡವೊಂದು ಆ ಬೆಟ್ಟಗಳಿಗೆ ಈಗ ಮತ್ತೆ ಬೇಕಾಗಿದೆ. ಆದರೆ ಬೀಜವೆಂಬುದು ಕಣಜದಲ್ಲಿ ಬಹುಕಾಲ ಜೀವ ಹಿಡಿದಿರುವ ವಸ್ತುವಲ್ಲ. ಕೆಲವು ಬೇಸಿಗೆಗಳು ಕಳೆದರೆ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ಬಿತ್ತಿದವನ ಮನೆಯಲ್ಲಿ ಮಾತ್ರ ಅದು ಉಳಿಯುತ್ತದೆ. ಬೆಲ್ದಿಯಾ ಬೆಳೆದವನು ಚಳಿಗಾಲದಲ್ಲಿ ಜರಡಿ ಬಡಿದು ಮುಗಿಸಿದಾಗ ಪಾತ್ರೆಯಲ್ಲಿ ರಾಳವೂ ಬಟ್ಟೆಯ ಮೇಲೆ ಮುಂದಿನ ವರ್ಷದ ಬೀಜವೂ ಇರುತ್ತಿದ್ದವು. ಹೊಸ ತಳಿಯನ್ನು ಹೆಚ್ಚಾಗಿ ಹೆಣ್ಣು ಗಿಡಗಳಷ್ಟನ್ನೇ ಉಳಿಸಿ ಬೆಳೆಯುತ್ತಾರೆ. ಅದನ್ನು ಬಡಿದು ಮುಗಿಸಿದವನ ಬಟ್ಟೆಯ ಮೇಲೆ ಎಲೆಯ ಚೂರೂ ದಂಟೂ ಮಾತ್ರ ಇರುತ್ತವೆ. ಬೀಜಕ್ಕಾಗಿ ಅವನು ಸಮುದ್ರದ ಆಚೆಯ ವ್ಯಾಪಾರಿಯ ಕಡೆಗೆ ನೋಡಬೇಕು.